ಚಿಕ್ಕಬೆಟ್ಟದಲ್ಲಿ ಅನ್ನ ಬಿಟ್ಟವರು

ಶ್ರವಣಬೆಳಗೊಳಕ್ಕೆ ಬಂದವರೆಲ್ಲ ದೊಡ್ಡಬೆಟ್ಟ ಹತ್ತುತ್ತಾರೆ. ಗೊಮ್ಮಟನ ಪಾದದ ಬಳಿ ಕೈಮುಗಿದು, ಇಳಿದು ಬಂದು, ಕಲ್ಯಾಣಿಯ ಹತ್ತಿರ ಎಳನೀರು ಕುಡಿದು ಬಸ್ಸು ಹಿಡಿಯುತ್ತಾರೆ. ಎದುರಿಗೇ ಇರುವ ಚಿಕ್ಕಬೆಟ್ಟಕ್ಕೆ ಬರುವವರು ಕಡಿಮೆ. ಎತ್ತರದಲ್ಲಿ ಅದು ದೊಡ್ಡಬೆಟ್ಟಕ್ಕಿಂತ ಸುಮಾರು 300 ಅಡಿ ತಗ್ಗು. ಚರಿತ್ರೆಯಲ್ಲಿ ಮಾತ್ರ ಅದೇ ಹಿರಿಯದು. ಗೊಮ್ಮಟ ನಿಂತದ್ದು 981ರ ಸುಮಾರಿಗೆ. ಅದಕ್ಕೂ ಮುನ್ನೂರು ವರ್ಷ ಮೊದಲೇ ಈ ಸಣ್ಣ ಬೆಟ್ಟದ ಬಂಡೆಗಳ ಮೇಲೆ ಕುಳಿತು ಜನ ಅನ್ನ ಬಿಟ್ಟು ಪ್ರಾಣ ಬಿಡುತ್ತಿದ್ದರು. ಆಗಿನ ಶಾಸನಗಳು ಇದನ್ನು ಕಟವಪ್ರ ಎನ್ನುತ್ತವೆ, ಕಳ್ಬಪ್ಪು ಎನ್ನುತ್ತವೆ. ಈಗ ಚಂದ್ರಗಿರಿ ಎಂಬ ಹೆಸರಿದ್ದರೂ ನಮ್ಮ ಕಡೆಯವರ ಬಾಯಲ್ಲಿ ಅದು ಚಿಕ್ಕಬೆಟ್ಟವೇ.

ನಮ್ಮೂರ ಹೊಲದ ಬದುವಿನ ಮೇಲೆ ನಿಂತರೆ ಎರಡೂ ಬೆಟ್ಟ ಕಾಣುತ್ತವೆ. ನಾವು ಜೈನರಲ್ಲ. ರಾಗಿ, ಹುರುಳಿ, ಒಂದಿಷ್ಟು ತೆಂಗು ನೆಚ್ಚಿಕೊಂಡ ಒಕ್ಕಲು ಮನೆ ನಮ್ಮದು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಕಾಲದಲ್ಲಿ ಹಳಗನ್ನಡದ ಲಿಪಿ ತೋರಿಸಲೆಂದು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಪಾರ್ಶ್ವನಾಥ ಬಸದಿಯ ದಕ್ಷಿಣಕ್ಕಿರುವ ಬಂಡೆಯ ಹಾಸಿನಲ್ಲಿ, ಕಾಲಡಿಯಲ್ಲೇ, ಅಕ್ಷರಗಳಿವೆ. ಬಿ. ಎಲ್. ರೈಸ್ ಅವರು 1889ರಲ್ಲಿ, ಆಮೇಲೆ ಆರ್. ನರಸಿಂಹಾಚಾರ್ಯರು 1923ರಲ್ಲಿ ಇನ್ನೂ ವಿಸ್ತಾರವಾಗಿ, ಇವನ್ನೆಲ್ಲ ಓದಿ ಅಚ್ಚು ಹಾಕಿಸಿದರು. ಅವರ ಪುಸ್ತಕ ಹಿಡಿದು ಬಂಡೆಯ ಮೇಲೆ ಬಗ್ಗಿದರೆ ಒಂದೊಂದೇ ಹೆಸರು ಎದ್ದು ಬರುತ್ತದೆ. ನಾಗಮತಿಗಂತಿ ಎಂಬ ಸನ್ಯಾಸಿನಿ. ಅದೆಯರೆನಾಡಿನ ಚಿತ್ತೂರಿನ ಮೌನಿಗುರುವಿನ ಶಿಷ್ಯೆ. ಮೂರು ತಿಂಗಳು ವ್ರತ ನಡೆಸಿ ದೇಹ ಬಿಟ್ಟಳು. ಅಷ್ಟೇ. ಅವಳಿಗೆ ಕಾಯಿಲೆ ಇತ್ತೇ, ಎಷ್ಟು ವಯಸ್ಸು, ಯಾರು ಅತ್ತರು, ಯಾವುದೂ ಇಲ್ಲ. ನಂದಿಸೇನನ ಶಾಸನ ಮಾತ್ರ ಕಾವ್ಯವಾಗಿ ಮಾತಾಡುತ್ತದೆ. ರೂಪ, ಸುಖ, ಸಂಪತ್ತು ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ ಕಂಡು ಕರಗುವಂಥವೆಂದು ತಿಳಿದು ಅವನು ವ್ರತ ಹಿಡಿದ ಎಂಬುದು ಅದರ ಸಾರ.

ಆ ಬಂಡೆಯ ಮೇಲಿಂದ ಕಣ್ಣು ಎತ್ತಿದರೆ ಕಾಣುವುದೆಲ್ಲ ಅನ್ನವೇ. ಉತ್ತರಕ್ಕೆ ಜಿನನಾಥಪುರ, ಅದರಾಚೆ ಕೆರೆ, ತೆಂಗಿನ ತೋಟ, ರಾಗಿ ಹೊಲ. ಸುಗ್ಗಿಯಲ್ಲಿ ಕಣದಿಂದ ಏಳುವ ದೂಳು ಬೆಟ್ಟದ ಬುಡದವರೆಗೆ ಬರುತ್ತದೆ. ಅನ್ನ ಬಿಟ್ಟವರು ಕಾಡಿನಲ್ಲಿ ಅಡಗಿ ಕೂತಿರಲಿಲ್ಲ. ಬೆಳೆ ಬೆಳೆಯುವವರ ಕಣ್ಣೆದುರಿಗೆ, ಬೆಳೆಯನ್ನು ತಾವೂ ನೋಡುತ್ತಾ ಕೂತಿದ್ದರು. ಬದುಕಿನ ಮೇಲೆ ಸಿಟ್ಟಿದ್ದವರು ಇಂಥ ಜಾಗ ಆರಿಸಿಕೊಳ್ಳುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಆದರೆ ಅನಿಸಿಕೆ ಸಾಲದು. ಮಕ್ಕಳು ನೇರವಾಗಿಯೇ ಕೇಳುತ್ತಿದ್ದರು, “ಮಿಸ್, ಇದು ಆತ್ಮಹತ್ಯೆ ಅಲ್ವಾ?” ಆ ಪ್ರಶ್ನೆಯನ್ನು ನಾನು ಎಂದೂ ತಳ್ಳಿಹಾಕಲಿಲ್ಲ. ತೆಂಗಿಗೆ ನುಸಿರೋಗ ಬಂದ ವರ್ಷಗಳಲ್ಲಿ ಸಾಲದ ಹೊರೆ ತಾಳಲಾರದೆ ಜೀವ ಕಳೆದುಕೊಂಡವರ ಮನೆಗಳಿಂದ ಬಂದ ಮಕ್ಕಳೂ ನನ್ನ ತರಗತಿಯಲ್ಲಿ ಇದ್ದರು. ಅವರ ಮುಂದೆ ಸಾವನ್ನು ಹೊಗಳುವ ಒಂದು ಮಾತೂ ನನ್ನ ಬಾಯಿಂದ ಬರಬಾರದಿತ್ತು.

ಉತ್ತರವನ್ನು ಜೈನ ಗ್ರಂಥಗಳಲ್ಲೇ ಹುಡುಕಿದೆ. ಅನ್ನ ಬಿಟ್ಟು ದೇಹ ಬಿಡುವ ಈ ವ್ರತಕ್ಕೆ ಸಲ್ಲೇಖನ ಎಂದು ಹೆಸರು. ಅದು ಯಾರಿಗೆ, ಯಾವಾಗ ಎಂಬುದನ್ನು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಬಿಗಿಯಾಗಿ ಹೇಳುತ್ತದೆ: ತಪ್ಪಿಸಿಕೊಳ್ಳಲಾಗದ ವಿಪತ್ತು, ಬರಗಾಲ, ಮುಪ್ಪು, ರೋಗ, ಅದೂ ಪರಿಹಾರವೇ ಇಲ್ಲದಂತೆ ಬಂದಾಗ ಮಾತ್ರ. ಗುರುವಿನ ಒಪ್ಪಿಗೆ ಬೇಕು. ಎಲ್ಲರ ಹತ್ತಿರ ಕ್ಷಮೆ ಕೇಳಿ, ಎಲ್ಲರನ್ನೂ ಕ್ಷಮಿಸಬೇಕು. ಅನ್ನವನ್ನು ಒಮ್ಮೆಗೇ ಬಿಡುವಂತಿಲ್ಲ. ಮೊದಲು ಗಟ್ಟಿ ಆಹಾರ, ಆಮೇಲೆ ಹಾಲಿನಂಥದ್ದು, ಆಮೇಲೆ ಗಂಜಿ, ಬಿಸಿನೀರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಅವಸರಕ್ಕೆ ಅಲ್ಲಿ ಜಾಗವೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಈ ವ್ರತ ಕೆಡುವ ಐದು ಬಗೆಗಳನ್ನು ಹೇಳುತ್ತದೆ. ಇನ್ನೂ ಬದುಕಬೇಕೆಂಬ ಆಸೆ ಮೊದಲನೆಯದು. ಎರಡನೆಯದು ಬೇಗ ಸಾಯಬೇಕೆಂಬ ಆಸೆ. ಅದರ ಹಿಂದೆ ಸ್ನೇಹಿತರ ಮೇಲಿನ ಮಮತೆ, ಉಂಡ ಸುಖದ ನೆನಪು, ಈ ವ್ರತದ ಫಲವಾಗಿ ಮುಂದೆ ಇಂಥದ್ದು ಸಿಗಲಿ ಎಂಬ ಲೆಕ್ಕಾಚಾರ. ಎರಡನೆಯದನ್ನು ಓದಿದ ದಿನ ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಸಾವನ್ನು ಬಯಸುವವನಿಗೆ ಈ ದಾರಿ ಸಲ್ಲದು. ಸಾಲಕ್ಕೆ ಸಿಕ್ಕಿ ಕಂಗೆಟ್ಟ ರೈತನಿಗೆ ಬೇಕಾಗಿದ್ದದ್ದು ಸಾವಲ್ಲ, ಬೇರೆ ಬಗೆಯ ಬದುಕು; ಅವನ ಕಷ್ಟಕ್ಕೆ ಪರಿಹಾರ ಇತ್ತು, ನಾವು ಕೊಡಲಿಲ್ಲ. ಅದು ಒಂದು ನಾಡು ಹೊರಬೇಕಾದ ಹೊಣೆ. ಅದನ್ನೂ ಇದನ್ನೂ ಒಂದೇ ಹೆಸರಿನಿಂದ ಕರೆದರೆ ಇಬ್ಬರಿಗೂ ಅನ್ಯಾಯ.

ಗಂಗರ ಕಾಲದ ಪೂಜ್ಯಪಾದರು ಈ ಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಒಬ್ಬ ವ್ಯಾಪಾರಿಯ ಉದಾಹರಣೆ ಕೊಡುತ್ತಾರೆ. ಸರಕು ತುಂಬಿದ ತನ್ನ ಮನೆ ಸುಟ್ಟುಹೋಗಲೆಂದು ಯಾವ ವ್ಯಾಪಾರಿಯೂ ಬಯಸುವುದಿಲ್ಲ. ಬೆಂಕಿ ಬಿದ್ದರೆ ಆರಿಸಲು ಕೈಲಾದದ್ದೆಲ್ಲ ಮಾಡುತ್ತಾನೆ. ಆರದಿದ್ದಾಗ ಮಾತ್ರ ಮನೆಯ ಆಸೆ ಬಿಟ್ಟು ಸರಕನ್ನು ಉಳಿಸಿಕೊಳ್ಳುತ್ತಾನೆ. ದೇಹ ಹೋಗುವುದು ಖಂಡಿತವಾದಾಗ ಶೀಲವನ್ನು ಉಳಿಸಿಕೊಳ್ಳುವುದು ಸಲ್ಲೇಖನ ಎಂಬುದು ಅವರ ವಾದ. ನಾನು ಇದನ್ನು ಒಪ್ಪುತ್ತೇನೆ. ಬೆಂಕಿ ಆರಿಸುವ ಪ್ರಯತ್ನ ಇಲ್ಲಿ ಮೊದಲು ಬರುತ್ತದೆ ಎಂಬ ಕಾರಣಕ್ಕೇ ಒಪ್ಪುತ್ತೇನೆ.

ಆದರೂ ಬೆಟ್ಟದ ಮೇಲಿನ ಎಲ್ಲ ಸಾವುಗಳೂ ಈ ಅಳತೆಗೆ ಸರಿಯಾಗಿ ಕೂರುವುದಿಲ್ಲ. ಇಲ್ಲಿನ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಹೊಯ್ಸಳ ರಾಣಿ ಶಾಂತಲೆ, 1123ರಲ್ಲಿ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಅದೇ ಬಸದಿಯ ಬಳಿಯ ಕಂಬದ ಶಾಸನದಲ್ಲಿ ಅವಳ ತಾಯಿ ಮಾಚಿಕಬ್ಬೆಯ ಮಾತು ಬರುತ್ತದೆ: ಮಗಳು ಹೋದ ಮೇಲೆ ತಾನು ಇರಲಾರೆನೆಂದು ಬೆಳಗೊಳಕ್ಕೆ ಬಂದು ಆ ತಾಯಿ ಸನ್ಯಸನ, ಅಂದರೆ ಇದೇ ವ್ರತ, ಹಿಡಿದಳು. ಸೂತ್ರದ ಕಣ್ಣಿನಲ್ಲಿ ಇದು ಮಮತೆ, ವ್ರತಕ್ಕೆ ತಗಲಿದ ದೋಷ. ಆದರೆ ಶಾಸನ ಅದನ್ನು ಮುಚ್ಚಿಡಲಿಲ್ಲ, ಕಲ್ಲಿನಲ್ಲೇ ಬರೆಯಿತು. ಆ ಕಂಬದ ಮುಂದೆ ನಿಂತಾಗಲೆಲ್ಲ ನನಗೆ ಆ ಅಮ್ಮನ ಮೇಲೆ ತೀರ್ಪು ಕೊಡುವ ಮನಸ್ಸಾಗಲಿಲ್ಲ. ಅವಳನ್ನು ತಡೆದು, ಪಕ್ಕದಲ್ಲಿ ಕೂತು, ಒಂದು ವರ್ಷ ಕಳೆಯಲಿ ಎಂದು ಹೇಳುವವರು ಯಾರಾದರೂ ಇದ್ದರೇ ಎಂದು ಕೇಳಬೇಕೆನಿಸಿತು. ಮಾನ್ಯಖೇಟದ ರಾಜ್ಯ ಕಳೆದುಕೊಂಡ ರಾಷ್ಟ್ರಕೂಟ ನಾಲ್ಕನೆಯ ಇಂದ್ರನೂ 982ರಲ್ಲಿ ಇದೇ ಬೆಳಗೊಳದಲ್ಲಿ ದೇಹ ಬಿಟ್ಟ. ವೈರಾಗ್ಯ ಎಷ್ಟು, ಸೋಲಿನ ನೋವು ಎಷ್ಟು, ಹೇಳುವವರು ಯಾರು? ಷ. ಶೆಟ್ಟರ್ ಅವರು ‘ಸಾವಿಗೆ ಆಹ್ವಾನ’ ಬರೆದ ಮೇಲೆ ಕನ್ನಡದಲ್ಲಿ ಈ ಬಗ್ಗೆ ಗಂಭೀರವಾಗಿ ಯೋಚಿಸುವವರಿಗೆ ಆಧಾರಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ಯೋಚಿಸುವ ಸಮಾಧಾನಕ್ಕೆ.

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಸಂಥಾರಾವನ್ನು, ಅಂದರೆ ಇದೇ ವ್ರತವನ್ನು, ಆತ್ಮಹತ್ಯೆಗೆ ಸಮವೆಂದು ಹೇಳಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ವ್ರತವನ್ನು ಅಪರಾಧವಾಗಿಸುವುದು ತಪ್ಪು ಎಂದೇ ನನ್ನ ನಿಲುವು. ಆದರೆ ಹೈಕೋರ್ಟಿನ ತೀರ್ಪಿನ ಹಿಂದಿನ ಭಯ ಸುಳ್ಳಲ್ಲ. ಮನೆಯವರಿಗೆ ಭಾರವಾದ ಮುದುಕಿಯೊಬ್ಬಳು ‘ಸ್ವಇಚ್ಛೆಯಿಂದ’ ಅನ್ನ ಬಿಡುವುದು ಎಷ್ಟು ಸ್ವಇಚ್ಛೆ? ಅಡ್ಡಪಲ್ಲಕ್ಕಿ, ಮೆರವಣಿಗೆ, ಹೊಗಳಿಕೆ ಶುರುವಾದ ಮೇಲೆ ಮನಸ್ಸು ಬದಲಾಯಿಸಿ ಒಂದು ತುತ್ತು ಕೇಳುವ ಧೈರ್ಯ ಅವಳಿಗೆ ಉಳಿದಿರುತ್ತದೆಯೇ? ವ್ರತ ಬಿಡುವ ದಾರಿ ಕೊನೆಯ ಗಳಿಗೆಯವರೆಗೂ ತೆರೆದಿರಬೇಕು. ಅದಿಲ್ಲದ ಕಡೆ ಅದು ವ್ರತವೇ ಅಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಇದೆಲ್ಲ ನನಗೆ ಓದಿನ ವಿಷಯವಾಗಿ ಉಳಿಯಲಿಲ್ಲ. ಎಂಬತ್ತು ದಾಟಿದ ನಮ್ಮ ಅವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ ಎಂದ ಮೇಲೆ ಮನೆಗೆ ಕರೆತಂದೆವು. ಮುದ್ದೆ ಹೋಯಿತು, ಆಮೇಲೆ ಅನ್ನ ಹೋಯಿತು, ಅಂಬಲಿ ಎರಡು ಚಮಚಕ್ಕೆ ಇಳಿಯಿತು. ಮೂಗಿಗೆ ಪೈಪು ಹಾಕಿಸೋಣ ಎಂದ ಅಣ್ಣ. “ನಾಳೆ ಊರವರು, ಮಕ್ಕಳೇ ಅವ್ವನ್ನ ಉಪವಾಸ ಕೆಡವಿದ್ರು ಅಂತಾರೆ” ಎಂದು ಅವನ ಸಂಕಟ. ಅವನದು ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವ್ವ ನನ್ನ ಕೈ ಹಿಡಿದು, “ಸಾಕು ಕಣವ್ವ. ಹೊಟ್ಟೆ ಹಸೀತಿಲ್ಲ. ಸುಮ್ನೆ ಒಳಕ್ಕೆ ಹುಯ್ಯಬ್ಯಾಡಿ” ಎಂದಳು. ಸಾಯುತ್ತೇನೆ ಎಂದೂ ಹೇಳಲಿಲ್ಲ, ಬದುಕಿಸಿ ಎಂದೂ ಹೇಳಲಿಲ್ಲ. ದೇಹ ಮುಗಿಯುತ್ತಾ ಬಂದಾಗ ಹಸಿವು ತಾನಾಗಿ ಆರುತ್ತದೆ, ಬಲವಂತಕ್ಕೆ ಹೊಯ್ದದ್ದು ಉಸಿರಿನ ದಾರಿಗೆ ಹೋಗಿ ಕಷ್ಟ ಕೊಡಬಹುದು ಎಂದು ನಮ್ಮ ಪರಿಚಯದ ಡಾಕ್ಟರು ಅಣ್ಣನಿಗೆ ತಿಳಿಹೇಳಿದರು. ಪೈಪು ಹಾಕಿಸಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾ, ಕೇಳಿದಾಗ ನೀರು ಕೊಡುತ್ತಾ, ಸರದಿಯ ಮೇಲೆ ಪಕ್ಕದಲ್ಲಿ ಕೂತೆವು.

ಅದು ಸಲ್ಲೇಖನವಲ್ಲ. ಗುರು ಇರಲಿಲ್ಲ, ವ್ರತವಿರಲಿಲ್ಲ, ಅವ್ವನಿಗೆ ಆ ಪದವೂ ಗೊತ್ತಿರಲಿಲ್ಲ. ಆ ದೊಡ್ಡ ಹೆಸರನ್ನು ನಮ್ಮ ಮನೆಗೆ ಎಳೆದು ತರುವುದು ಆ ಬಂಡೆಯ ಮೇಲೆ ತಿಂಗಳುಗಟ್ಟಲೆ ಕೂತವರಿಗೆ ಮಾಡುವ ಅಗೌರವ. ಆದರೆ ಸೂತ್ರದ ಆ ಐದು ದೋಷಗಳು ಮಲಗಿದವರಿಗೆ ಎಷ್ಟೋ, ಹಾಸಿಗೆಯ ಪಕ್ಕ ಕೂತವರಿಗೂ ಅಷ್ಟೇ ಎಂದು ಆ ದಿನಗಳಲ್ಲಿ ಕಂಡುಕೊಂಡೆ. ಅವ್ವ ಇನ್ನೂ ಇರಲಿ ಎಂಬ ನಮ್ಮ ಆಸೆ ಅವಳಿಗಾಗಿಯೋ ನಮಗಾಗಿಯೋ? ಬೇಗ ಮುಗಿಯಲಿ ಎಂಬ ದಣಿವು ಎಲ್ಲಾದರೂ ಒಳಗೆ ಅಡಗಿದೆಯೇ? ಊರವರ ಮಾತಿನ ಲೆಕ್ಕ ಎಷ್ಟು? ಇವನ್ನೆಲ್ಲ ಒಳಗೇ ಕೇಳಿಕೊಂಡ ಮೇಲೆ ಉಳಿದದ್ದು ಅವಳ ಮಾತೊಂದೇ. ಅದನ್ನು ನಡೆಸಿದೆವು.

ಅವ್ವನಿಗೆ ಕೊನೆಯವರೆಗೂ ಮಾತಿತ್ತು, ಹಾಗಾಗಿ ನಮಗೆ ದಾರಿ ಸಿಕ್ಕಿತು. ಎಲ್ಲರಿಗೂ ಅಷ್ಟು ದಿನ ಮಾತು ಉಳಿಯುವುದಿಲ್ಲ. ವಾಸಿಯಾಗುವ ಆಸೆ ಇಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದೆ. 2023ರಲ್ಲಿ ಅದರ ಕ್ರಮವನ್ನು ಸರಳ ಮಾಡಿದೆ. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿದೆ. ನಿಮ್ಮ ಮನೆಯ ಹಿರಿಯರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಷ್ಟು ಗಟ್ಟಿಯಾಗಿರುವಾಗಲೇ, ಅಪಶಕುನ ಎಂದು ಹಿಂಜರಿಯದೆ, ಅವರಿಗೇನು ಬೇಕು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸಿಡಿ. ಮನಸ್ಸು ಬದಲಾದರೆ ತಿದ್ದಿ ಬರೆಸಿ.