ಕೂಡಿಡುವುದೂ ಪರಿಗ್ರಹವೇ?

ಹಂಪಿ ಬಳಿಯ ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯ ಬದಿಗೆ ಗಾಣಗಿತ್ತಿ ಬಸದಿಯಿದೆ. ವಿಜಯನಗರದ ಅರಸ ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ ಅದನ್ನು ಕಟ್ಟಿಸಿದ್ದು 1385ರಲ್ಲಿ. ಅಪರಿಗ್ರಹವನ್ನು, ಅಂದರೆ ಏನನ್ನೂ ತನ್ನದೆಂದು ಹಿಡಿದಿಟ್ಟುಕೊಳ್ಳದಿರುವುದನ್ನು, ಮಹಾವ್ರತವೆಂದು ಸಾರಿದ ಜೈನ ಧರ್ಮಕ್ಕೆ ದಂಡು ನಡೆಸುವವನೊಬ್ಬ ಕಲ್ಲಿನ ಆಸ್ತಿ ಮಾಡಿಕೊಟ್ಟನಲ್ಲ ಎಂದು ಯಾರಾದರೂ ಕೇಳಬಹುದು. ಇದೇ ಪ್ರಶ್ನೆಯನ್ನು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿಗೂ ಕೇಳಬೇಕು. 1960ರಲ್ಲಿ ಹುಟ್ಟಿ, ಎಂ. ಎಸ್. ನಂಜುಂಡರಾವ್ ಅವರಂಥವರ ಹಟದಿಂದ ಬೆಳೆದ ಈ ಸಂಸ್ಥೆಯಲ್ಲಿ ಮೈಸೂರು ಶೈಲಿಯ ಚಿತ್ರಗಳಿವೆ, ತೊಗಲುಗೊಂಬೆಗಳಿವೆ, ರೋರಿಕ್ ತಂದೆ-ಮಗ ಬರೆದ ಹಿಮಾಲಯದ ಚಿತ್ರಗಳಿವೆ, ಕೇಜ್ರಿವಾಲ್ ಕುಟುಂಬ ಕೊಟ್ಟ ಆಧುನಿಕ ಚಿತ್ರಗಳ ದೊಡ್ಡ ಸಂಗ್ರಹವಿದೆ. ಚೆಲುವನ್ನು ಹೀಗೆ ಕೂಡಿಹಾಕುವುದು ಧರ್ಮವೋ, ಮರ್ಯಾದೆಯ ಮುಖವಾಡ ತೊಟ್ಟ ಲೋಭವೋ?

ಉತ್ತರಕ್ಕೆ ಜೈನರ ನಡೆಯನ್ನೇ ನೋಡೋಣ. ತನ್ನದೆಂಬುದನ್ನು ಬಿಡು ಎಂದವರೇ ನಾಡಿನ ಅತ್ಯುತ್ತಮ ಗ್ರಂಥ ಭಂಡಾರಗಳನ್ನು ಕಾಪಾಡಿದರು. ಮೂಡುಬಿದಿರೆಯಲ್ಲಿ ಉಳಿದ, ಜೈನ ಆಗಮ ಗ್ರಂಥದ ಮೇಲಿನ ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯವು. ಕೆಲವು ಗರಿಗಳ ಮೇಲೆ ಹೊಯ್ಸಳರ ಕಾಲದ ಬಣ್ಣದ ಚಿತ್ರಗಳೂ ಇವೆ. ಹೀಗೆ ಕಾಪಾಡಿದ್ದು ಅವರ ತತ್ತ್ವಕ್ಕೆ ವಿರುದ್ಧವಲ್ಲ. ಶಾಸ್ತ್ರದಾನವೆಂಬ ಆಚಾರವೇ ಅವರಲ್ಲಿತ್ತು: ಗ್ರಂಥ ಬರೆಸಿದವರು ಪ್ರತಿಯನ್ನು ತಾವು ಇಟ್ಟುಕೊಳ್ಳದೆ ಕೊಟ್ಟುಬಿಡುತ್ತಿದ್ದರು. ಹಾಗಾಗಿ ವಸ್ತು ಒಂದೆಡೆ ಇರುವುದು ಪರಿಗ್ರಹವಲ್ಲ. ಅದರ ಮೇಲಿನ ‘ನನ್ನದು’ ಎಂಬ ಹಿಡಿತವೇ ಪರಿಗ್ರಹ. ಆದರೆ ಕಥೆ ಅಲ್ಲಿಗೇ ಮುಗಿದಿದ್ದರೆ ಸಲೀಸಾಗುತ್ತಿತ್ತು. ಅದೇ ಧವಲಾ ಎಷ್ಟೋ ಕಾಲ ಭಕ್ತರಿಗೆ ಬರೀ ದರ್ಶನದ ವಸ್ತುವಾಗಿತ್ತು, ಓದುವವರಿಗೆ ಸಿಗುತ್ತಿರಲಿಲ್ಲ. ಅದರ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಭಕ್ತಿಯೂ ಬೀಗ ಹಾಕಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪರಿಷತ್ತಿನಂಥ ಸಂಗ್ರಹಗಳ ಬಗ್ಗೆ ಇನ್ನೊಂದು ಗಟ್ಟಿ ಆಕ್ಷೇಪವಿದೆ: ಬಳಕೆಯಿಂದ ಕಿತ್ತು ತಂದ ವಸ್ತು ಗೋಡೆಯ ಮೇಲೆ ಸತ್ತುಹೋಗುತ್ತದೆ. ತೊಗಲುಗೊಂಬೆಯನ್ನೇ ನೋಡಿ. ಹದ ಮಾಡಿದ ತೊಗಲಿನಲ್ಲಿ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳ ಮೂಲಕ ಹಿಂದಿನ ದೀಪದ ಬೆಳಕು ಪರದೆಗೆ ಹಾಯ್ದಾಗಲೇ ಸೀತೆಯ ಒಡವೆ ಮಿನುಗುವುದು. ಗಾಜಿನ ಚೌಕಟ್ಟಿನಲ್ಲಿಟ್ಟು ಮುಂದಿನಿಂದ ಬೆಳಕು ಬಿಟ್ಟರೆ ಆ ತೂತುಗಳು ಕಪ್ಪು ಚುಕ್ಕೆಗಳಷ್ಟೇ. ಈ ಮಾತನ್ನು ನಾನು ಒಪ್ಪುತ್ತೇನೆ; ಆದರೆ ಜಾಗ ಬದಲಾದರೆ ಜೀವ ಹೋಗುತ್ತದೆ ಎಂಬ ತೀರ್ಮಾನವನ್ನು ಒಪ್ಪಲಾರೆ. ಹಂಪಿಯ ಬಾಲಕೃಷ್ಣ ಆಂಧ್ರದ ಉದಯಗಿರಿಯಿಂದ ಯುದ್ಧದ ಗಳಿಕೆಯಾಗಿ ಬಂದವನು. ಕೃಷ್ಣದೇವರಾಯ 1515ರಲ್ಲಿ ಅವನನ್ನು ಪ್ರತಿಷ್ಠಾಪಿಸಿ, ಗುಡಿ ಕಟ್ಟಿಸಿ ದತ್ತಿ ಬಿಟ್ಟ. ಸುಲಿಗೆಯಾಗಿ ಬಂದ ಮೂರ್ತಿ ಇಲ್ಲಿ ಮತ್ತೆ ದೇವರಾಯಿತು. ಈಗ ಆ ವಿಗ್ರಹ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ; ಗುಡಿ ಬರಿದಾಗಿದೆ. ಎರಡು ಸಲವೂ ವಿಗ್ರಹ ಊರು ಬಿಟ್ಟಿತು, ಮೊದಲ ಸಲ ಮಾತ್ರ ಹೊಸ ಜನ ಅದರ ಸುತ್ತ ಸೇರಿಕೊಂಡರು. ವ್ಯತ್ಯಾಸವಿರುವುದು ಅಲ್ಲಿ.

ಬಾಲಕೃಷ್ಣನಿಗೆ ಗುಡಿಯಾದರೂ ಇತ್ತು; ಪರಿಷತ್ತಿನಲ್ಲಿರುವಂಥ ಆಧುನಿಕ ಚಿತ್ರಕ್ಕೆ ಮೊದಲಿಂದಲೂ ಗುಡಿಯಿಲ್ಲ, ಉತ್ಸವವಿಲ್ಲ. ಜೊತೆಗೆ ಅದು ಮಾರಾಟದ ಸರಕು, ಅದನ್ನು ಶಾಸ್ತ್ರಗ್ರಂಥದ ಸಾಲಿನಲ್ಲಿ ಕೂರಿಸಬೇಡಿ ಎಂದು ಕೆಲವರು ಹೇಳಿಯಾರು. ಮಾರಾಟದ ಸರಕಾಗಿರುವುದರಿಂದಲೇ ಅದಕ್ಕೆ ಪರಿಷತ್ತಿನಂಥ ಸಂಸ್ಥೆ ಬೇಕು ಎನ್ನುತ್ತೇನೆ. ಶ್ರೀಮಂತನ ಬೈಠಕ್‌ಖಾನೆಯಲ್ಲಿ ತೂಗುಹಾಕಿದ ಚಿತ್ರ ಅವನ ಅಂತಸ್ತಿನ ಗುರುತು. ಅದೇ ಪರಿಷತ್ತಿಗೆ ಬಂದರೆ ದತ್ತಿ. ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯನ್ನೇ ಸಂತೆ ಮಾಡುವ ಪರಿಷತ್ತಿನ ಚಿತ್ರಸಂತೆಯನ್ನು ಮೂಗು ಮುರಿದು ನೋಡುವವರಿದ್ದಾರೆ. ಅಲ್ಲಿ ಅಗ್ಗದ ಕೆಲಸ ಬಹಳ, ನಿಜ. ಆದರೂ ಗ್ಯಾಲರಿಯ ಹೊಸ್ತಿಲು ದಾಟಲು ಅಂಜುವವರು ಅಲ್ಲಿ ಅಂಜಿಕೆಯಿಲ್ಲದೆ ಚಿತ್ರದ ಮುಂದೆ ನಿಲ್ಲುತ್ತಾರೆ, ಬೆಲೆ ಕೇಳುತ್ತಾರೆ, ಬರೆದವನ ಜೊತೆ ವಾದಿಸುತ್ತಾರೆ.

ಆದರೆ ಆ ರಸ್ತೆ ಇರುವುದು ಬೆಂಗಳೂರಿನಲ್ಲಿ. ಇತ್ತ ಕಮಲಾಪುರದ ಪುರಾತತ್ವ ಸಂಗ್ರಹಾಲಯದಲ್ಲಿ ವಿಜಯನಗರದ ಶಿಲ್ಪಗಳಿವೆ, ಪಕ್ಕದಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ. ನೋಡುವ ಕಣ್ಣುಗಳಿಗೆ ಇಲ್ಲಿ ಬರವಿಲ್ಲ. ಪರಿಷತ್ತು ತನ್ನ ಮೂಲ ಚಿತ್ರಗಳಲ್ಲಿ ಒಂದಿಷ್ಟನ್ನು ಕೆಲವು ತಿಂಗಳ ಮಟ್ಟಿಗಾದರೂ ಇಲ್ಲಿಗೆ ಎರವಲು ಕಳಿಸಲಿ. ವಿಮೆ, ಕಾವಲು, ಹವಾನಿಯಂತ್ರಣದ ಖರ್ಚನ್ನು ಸರ್ಕಾರ ಹೊರಲಿ.