ದುಡಿ ಎಂದರೆ ಕೆಲಸವಲ್ಲ

ನಮ್ಮ ಕನ್ನಡ ಕೂಟದ ಕಳೆದ ರಾಜ್ಯೋತ್ಸವದ ಪದಸಂಪತ್ತು ಸ್ಪರ್ಧೆಯಲ್ಲಿ ನನ್ನ ಮಗಳಿಗೆ ಎರಡನೆಯ ಬಹುಮಾನ ಬಂತು. ನೂರು ಪದಗಳ ಪಟ್ಟಿಯನ್ನು ತಿಂಗಳು ಮೊದಲೇ ಕೊಟ್ಟಿದ್ದರು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಾಲು ತೆಗೆಯುವಾಗೊಮ್ಮೆ ಇಡುವಾಗೊಮ್ಮೆ ಓದಿ ಬಾಯಿಪಾಠ ಮಾಡಿದಳು. ವೇದಿಕೆಯ ಮೇಲೆ ಒಂದೂ ತಡವರಿಸಲಿಲ್ಲ. ವಿಡಿಯೊ ಮಾಡಿ ಊರಿಗೆಲ್ಲ ಕಳಿಸಿದೆವು. ಡಿಸೆಂಬರ್ ರಜೆಯಲ್ಲಿ, ಆ ನೂರರಲ್ಲಿ ಎಷ್ಟು ನೆನಪಿವೆ ಮಗಳೇ ಎಂದು ಕೇಳಿದೆ. ಬೆರಳು ಮಡಿಚುತ್ತಾ ಹೋಗಿ ಹನ್ನೊಂದಕ್ಕೆ ನಿಂತಳು. ಬಹುಮಾನದ ಫಲಕ ಕಂಡಾಗಲೆಲ್ಲ ಈಗ ನನಗೆ ಸಂತೋಷದ ಜೊತೆಗೇ ಒಂದು ಕಸಿವಿಸಿ.

ಅದೇ ರಜೆಯಲ್ಲಿ ಅವಳು ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ' ಕೈಗೆತ್ತಿಕೊಂಡಳು. ನನ್ನ ಹೆಂಡತಿ ಪುತ್ತೂರಿನ ತವರಿನಿಂದ ತಂದ ಹಳೆಯ ಪ್ರತಿ, ರಟ್ಟು ಬಿಟ್ಟಿದೆ. ಮಗಳಿಗೆ ಹದಿನಾಲ್ಕು. ಕನ್ನಡ ಓದುವುದು ನಿಧಾನ, ಒತ್ತಕ್ಷರ ಬಂದಲ್ಲಿ ತುಟಿ ಅಲುಗುತ್ತದೆ. ಪುಸ್ತಕ ತೆಳ್ಳಗಿದೆ ಎಂದೇ ಆರಿಸಿಕೊಂಡಿದ್ದಳು. ಮೊದಲ ಸಂಜೆಯೇ ಹೆಸರಿನ ಅರ್ಥ ಹೇಳಿಬಿಟ್ಟಳು: "ಚೋಮನ ಕೆಲಸ."

ತಪ್ಪು ಎನ್ನಲು ನನಗೆ ಮನಸ್ಸಾಗಲಿಲ್ಲ. 'ದುಡಿದು ತಿನ್ನಬೇಕು' ಎಂಬ ಮಾತನ್ನು ಅವಳ ಕಿವಿಗೆ ಹಾಕಿದವನು ನಾನೇ. ಕಥೆಯೂ ಅವಳ ಊಹೆಗೆ ಒತ್ತಾಸೆಯಾಗಿಯೇ ಇತ್ತು, ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರಲ್ಲ. ಸಿನಿಮಾ ತೋರಿಸೋಣವೇ ಎಂದಳು ನನ್ನ ಹೆಂಡತಿ. 1975ರ ಆ ಚಿತ್ರ, ಬಿ.ವಿ. ಕಾರಂತರದು, ಸ್ವರ್ಣಕಮಲ ಪಡೆದದ್ದು. ಬೇಡ, ತಾಳು ಎಂದೆ. ಮೂರನೆಯ ದಿನ ಮಗಳು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಅಡುಗೆಮನೆಗೆ ಬಂದಳು.

"ಅಪ್ಪ, ಕೆಲಸಾನ ಯಾರಾದ್ರೂ ಬಾರಿಸ್ತಾರಾ? ಇವನು ಸಿಟ್ಟು ಬಂದ್ರೂ ದುಡಿ ಬಾರಿಸ್ತಾನೆ, ದುಃಖ ಆದ್ರೂ ಬಾರಿಸ್ತಾನೆ. ಇದು ಡ್ರಮ್ ಅಲ್ವಾ?"

ಆ ಕ್ಷಣ ಅವಳ ಮುಖ ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ. ವೇದಿಕೆಯ ಮೇಲೆ ಬಹುಮಾನ ತೆಗೆದುಕೊಂಡಾಗ ಅದು ಹಾಗಿರಲಿಲ್ಲ.

ಹಿರಿಯೂರಿನಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಬಂದಾಗ ನಾನೂ ಇಂಗ್ಲಿಷಿನ ಮುಂದೆ ಅವಳಂತೆಯೇ ತಡವರಿಸುತ್ತಾ ನಿಂತಿದ್ದೆ. ಆರ್.ಕೆ. ನಾರಾಯಣರ ಕಾದಂಬರಿ ತೆರೆದು, ಸಾಲಿಗೆ ಮೂರು ಸಲ ಡಿಕ್ಷನರಿ ನೋಡಿ, ನಾಲ್ಕನೆಯ ಪುಟಕ್ಕೆ ಕೈಬಿಟ್ಟಿದ್ದೆ. ಲೈಬ್ರರಿಯಲ್ಲಿ ಮೇಷ್ಟರೊಬ್ಬರು ಅದನ್ನು ನೋಡಿ ಡಿಕ್ಷನರಿಯನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ಪುಟ ಪೂರ್ತಿ ಓದು, ಅಕ್ಕಪಕ್ಕದ ಮಾತೇ ಅರ್ಥ ಹೇಳುತ್ತೆ, ಆಮೇಲೆ ಇದನ್ನು ಕೇಳು ಎಂದರು. ಅವರು ಹೇಳಿಕೊಟ್ಟದ್ದನ್ನೇ ಮಗಳಿಗೂ ಹೇಳಿದೆ. ಒಂದು ನೋಟ್‌ಬುಕ್, ಮೂರು ಕಾಲಂ: ಪದ, ಅದು ಬಂದ ವಾಕ್ಯ, ತನ್ನ ಊಹೆ. ನಿಘಂಟಿನ ಅರ್ಥಕ್ಕೆ ಕಾಲಂ ಇಲ್ಲ. ಊಹೆ ಸರಿಯಾದರೆ ಪಕ್ಕದಲ್ಲಿ ಟಿಕ್, ತಪ್ಪಿದರೆ ಹೊಡೆದುಹಾಕಿ ಕೆಳಗೆ ಇನ್ನೊಂದು ಊಹೆ. ದುಡಿಯ ಎದುರಿನ 'ಕೆಲಸ'ವನ್ನು ಮಾತ್ರ ಅವಳು ಹೊಡೆಯಲೇ ಇಲ್ಲ. "ಅದೂ ಇರ್ಲಿ ಅಪ್ಪ, ಅವನು ಕೆಲಸಾನೂ ಮಾಡ್ತಾನಲ್ಲ" ಎಂದಳು. ನಿಘಂಟು ಬೇರೆ ಬೇರೆಯಾಗಿಡುವ ಎರಡು ಮಾತುಗಳು ಅವಳ ಪುಟದಲ್ಲಿ ಒಂದೇ ಸಾಲಿನಲ್ಲಿ ಕೂತಿವೆ. 1933ರಲ್ಲಿ ಈ ಕಾದಂಬರಿ ಬಂದಾಗ ಶಿವರಾಮ ಕಾರಂತರಿಗೆ ಮೂವತ್ತೊಂದು ವರ್ಷ. ಮುಂದೆ 'ಸಿರಿಗನ್ನಡ ಅರ್ಥಕೋಶ' ಎಂಬ ನಿಘಂಟನ್ನೂ ಅವರೇ ಮಾಡಿದರು. ಅವರು ಈ ನೋಟ್‌ಬುಕ್ ನೋಡಿದ್ದರೆ ಆ 'ಕೆಲಸ'ವನ್ನು ಹೊಡೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಆ ಭಾನುವಾರ ಪುತ್ತೂರಿಗೆ ವಿಡಿಯೊ ಕಾಲ್. ಯಾವ ಪುಸ್ತಕ ಎಂದು ಅಜ್ಜ ಕೇಳಿದರು. ಹೇಳಿದಳು. "ಓ, ಗೇಣಿಗೆ ಗದ್ದೆ ಸಿಗ್ಲಿಲ್ಲ ಅಂತ ಕೊರಗಿ ಸತ್ತ ಚೋಮನ ಕಥೆಯಾ?" ಎಂದರು. ಮಗಳು ಕೂಡಲೇ ಪೆನ್ನು ಹಿಡಿದಳು. ಅಂಗೈ ಅಗಲಿಸಿ ಹೆಬ್ಬೆರಳಿನಿಂದ ಕಿರುಬೆರಳಿಗೆ ಅಳೆದು ತೋರಿಸಿ, "ಗೇಣಿ ಅಂದ್ರೆ ಇಷ್ಟೇ ಇಷ್ಟು ಗದ್ದೆಯಾ ಅಜ್ಜ?" ಎಂದಳು. ಗೇಣು ಅವಳಿಗೆ ಗೊತ್ತಿತ್ತು, ಮಲ್ಲಿಗೆ ಮಾಲೆಯನ್ನು ನಾವು ಹಾಗೆಯೇ ಅಳೆಯುತ್ತೇವೆ.

ಅಜ್ಜ ನಗಲಿಲ್ಲ. "ಅಲ್ಲ ಮಗಾ. ಧಣಿಗಳ ಗದ್ದೆ ನಾವು ಬೇಸಾಯ ಮಾಡುದು, ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಅವರಿಗೆ ಅಳೆದು ಕೊಡುದು. ಅದು ಗೇಣಿ. ನಮ್ಮ ಈ ಗದ್ದೆಯೂ ಗೇಣಿಯದ್ದೇ ಇತ್ತು. ಡಿಕ್ಲರೇಷನ್ ಕೊಟ್ಟ ಮೇಲೆ ನಮ್ಮದಾದ್ದು."

ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಪರದೆಯ ಮುಂದೆ ಬಂದು ನಿಂತಳು. ಆ ಗದ್ದೆಯ ಬದುವಿನ ಮೇಲೆಯೇ ಅವಳು ಶಾಲೆಗೆ ನಡೆದವಳು. ಅದು ಗೇಣಿಯ ಗದ್ದೆಯಾಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಅಜ್ಜ ಹೇಳಿದ ಡಿಕ್ಲರೇಷನ್ 1974ರ ಭೂಸುಧಾರಣೆಯದು. ಅದರಲ್ಲಿ ಗೇಣಿ ಪದ್ಧತಿ ಹೋಯಿತು, ಉಳುವವನೇ ಹೊಲದೊಡೆಯನಾದ. ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳೂ ಬಳಕೆಯಿಂದ ಸರಿದವು. ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಆ ಮಾತಿನ ಜೊತೆಗೆ ಮನೆಯ ಕಥೆಯೂ ಹೋಗಿಬಿಟ್ಟಿತ್ತು.

"ಹಾಗಾದ್ರೆ ಚೋಮನಿಗೆ ಯಾಕೆ ಕೊಡ್ಲಿಲ್ಲ? ನಿಮಗೆ ಕೊಟ್ರಲ್ಲ?"

ಕಾದಂಬರಿಯ ಧಣಿ ಸಂಕಪ್ಪಯ್ಯನಿಗೆ ಮನಸ್ಸು ಸ್ವಲ್ಪ ಕರಗುತ್ತದೆ, ಅವನ ತಾಯಿ ಒಪ್ಪುವುದಿಲ್ಲ. ಅಷ್ಟನ್ನು ಅವಳು ಆಗಲೇ ಓದಿದ್ದಳು. ಅಜ್ಜ ಕನ್ನಡಕ ತೆಗೆದು ಒರೆಸಿದರು. "ಚೋಮನ ಜಾತಿಯವರಿಗೆ ಆಗ ಕೊಡ್ತಿರ್ಲಿಲ್ಲ ಮಗಾ. ಅದು ತಪ್ಪು" ಎಂದರು. ಮಗಳು ಮುಡಿ ಎಂದರೇನು ಎಂದು ಕೇಳುವವಳಿದ್ದಳು, ಕೇಳಲಿಲ್ಲ. ಅವಳಿಗೆ ಗೊತ್ತಿದ್ದ ಮುಡಿ ಹೂ ಮುಡಿಯುವ ಮುಡಿ. ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದ ಅಕ್ಕಿಯ ಮುಡಿಯ ಚಿತ್ರವನ್ನು ಮರುದಿನ ಅವಳಮ್ಮ ಬರೆದು ತೋರಿಸಿದಳು.

ಅಂದಿನಿಂದ ಒಂದು ಯೋಚನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಮಕ್ಕಳ ಕಿವಿಗೆ ನಾವು ಹಾಕುವ ಕನ್ನಡ ಎಷ್ಟು? ಏಳು, ತಿನ್ನು, ಶೂ ಹಾಕು, ಹೊತ್ತಾಯ್ತು, ಫೋನ್ ಇಡು. ಊರಿನಲ್ಲಿ ಒಂದು ಪದಕ್ಕೆ ಸುತ್ತ ಹತ್ತು ಜನ ಇರುತ್ತಿದ್ದರು: ಜಗಳ ಆಡುವವರು, ಸಾಲ ಕೇಳುವವರು, ಸತ್ತ ಮನೆಯಲ್ಲಿ ಅಳುವವರು. ಅವರ ನಡುವೆ ಕೂತು ಕೇಳಿಸಿಕೊಂಡೇ ನಮಗೆ ಅರ್ಥ ಹತ್ತಿತು, ಯಾರೂ ಪಟ್ಟಿ ಕೊಡಲಿಲ್ಲ. ಊರಿನಿಂದ ದೂರದ ಇಲ್ಲಿಗೆ ಆ ಜನರನ್ನು ಎಲ್ಲಿಂದ ತರೋಣ? ಕಾದಂಬರಿಯೊಳಗೆ ಅವರಿದ್ದಾರೆ. ಮನೆಮನೆಯಲ್ಲೂ ಊಟವಾದ ಮೇಲೆ ಒಂದೇ ಒಂದು ಪುಟ ಗಟ್ಟಿಯಾಗಿ ಓದಿದರೆ ಸಾಕು, ಮಗು ಪದದ ಅರ್ಥ ಕೇಳಿದರೆ ಥಟ್ಟನೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸದೆ ಒಂದೆರಡು ದಿನ ತಡೆದರೆ ಸಾಕು ಎಂದು ನಮ್ಮ ಕೂಟದವರನ್ನೆಲ್ಲ ಕೇಳಿಕೊಳ್ಳಬೇಕೆನಿಸುತ್ತದೆ. ಕೇಳಿಕೊಳ್ಳುತ್ತಲೂ ಇದ್ದೇನೆ. ಆದರೆ ಮೊನ್ನೆ ಕಾರಿನಲ್ಲಿ ಮಗಳೇ ಕೇಳಿದಳು: "ಅಪ್ಪ, ನಾನು ಕಾಲೇಜಿಗೆ ಹೋದ್ಮೇಲೆ ಗೇಣಿ ಅನ್ನೋ ಪದಾನ ಯಾರ ಹತ್ರ ಹೇಳ್ಲಿ?" ಸಿಗ್ನಲ್ ಹಸಿರಾಯಿತು, ನಾನು ಗಾಡಿ ಮುಂದಕ್ಕೆ ಬಿಟ್ಟೆ. ಉತ್ತರ ಇನ್ನೂ ಕೊಟ್ಟಿಲ್ಲ.

ಈಗ ಅಜ್ಜ ಕಳಿಸಿದ ಇನ್ನೊಂದು ಕಾದಂಬರಿ ನಡೆಯುತ್ತಿದೆ, ಕರಾವಳಿಯದೇ. ನಿನ್ನೆ ರಾತ್ರಿ 'ಹಟ್ಟಿ' ಬಂತು. ಹಟ್ಟಿ ಎಂದರೆ ಹತ್ತಿಪ್ಪತ್ತು ಮನೆಗಳ ಊರು, ಗೊಲ್ಲರಹಟ್ಟಿ ಇಲ್ಲವೇ ಎಂದೆ ನಾನು, ನಮ್ಮ ಕಡೆಯ ಮಾತು. ದನ ಕಟ್ಟುವ ಜಾಗ, ಇನ್ನೆಂತದು ಎಂದಳು ನನ್ನ ಹೆಂಡತಿ. ಇಬ್ಬರ ದನಿಯೂ ಏರಿತು. ಮಗಳು ನೋಟ್‌ಬುಕ್ ತೆರೆದು ಪದ ಬರೆದಳು, ವಾಕ್ಯ ಬರೆದಳು, ಮೂರನೆಯ ಕಾಲಂ ಖಾಲಿ ಬಿಟ್ಟಳು.

"ನೀವಿಬ್ರೂ ಹೇಳ್ಬೇಡಿ. ಇನ್ನೊಂದೆರಡು ಸಲ ಬರ್ಲಿ, ನಾನೇ ನೋಡ್ತೀನಿ."