ಗುಪ್ತ ಸೇವೆ: ಹೂವಿಗೆ ನೀರೆರೆದವರು ಯಾರು?



ಬೆಟ್ಟ ಹತ್ತಿ ಬಂದಿದ್ದೀರಿ, ದಣಿವಾಗಿರುತ್ತದೆ. ನೆರಳಲ್ಲಿ ಸ್ವಲ್ಪ ಕೂತು ಈ ನಾಲ್ಕು ಮಾತು ಓದಿ.

ನಮ್ಮ ದೇವಸ್ಥಾನಗಳಲ್ಲಿ ಮೆಟ್ಟಿಲ ಮೇಲೆ, ಗಂಟೆಯ ಮೇಲೆ, ಗೋಡೆಯ ಕಲ್ಲಿನ ಮೇಲೆ ದಾನಿಗಳ ಹೆಸರು ಕಾಣುತ್ತೇವೆ. ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸಿರುತ್ತಾರೆ. ಕೆಲವು ಕಡೆ ಆ ಹೆಸರೇ ಬೆಳಕಿಗೆ ಅಡ್ಡ ಬಂದಿರುತ್ತದೆ! ಅದೇ ದಾರಿಯಲ್ಲಿ ಯಾರೋ ಬೆಳಗಿನ ಜಾವ ಎದ್ದು ಕಸ ಗುಡಿಸಿರುತ್ತಾರೆ, ಬರಿಗಾಲಲ್ಲಿ ಬರುವವರಿಗೆ ಚುಚ್ಚದಿರಲಿ ಅಂತ ಮುಳ್ಳು ತೆಗೆದಿರುತ್ತಾರೆ. ಅವರ ಹೆಸರು ಎಲ್ಲೂ ಇರುವುದಿಲ್ಲ. ಈ ಇಬ್ಬರಲ್ಲಿ ಯಾರ ಸೇವೆ ದೊಡ್ಡದು? "ಹೆಸರಿಲ್ಲದವರದೇ ದೊಡ್ಡದು" ಎಂದು ತಟ್ಟನೆ ಹೇಳಿಬಿಡುತ್ತೇವೆ. ಆದರೆ ಉತ್ತರ ಅಷ್ಟು ಸುಲಭವೇ? ವಿಚಾರ ಮಾಡೋಣ.

ಒಂದು ದೃಷ್ಟಾಂತ. ಒಬ್ಬ ಗಾಲ್ಫ್ ಆಟಗಾರ ಇದ್ದಾನೆ ಎಂದುಕೊಳ್ಳಿ. "ಗಾಲ್ಫ್ ದುಡ್ಡಿದ್ದವರ ಆಟ, ಅದಕ್ಕೂ ದೇವರ ಸನ್ನಿಧಿಗೂ ಏನು ಸಂಬಂಧ ಸ್ವಾಮಿ?" ಅನ್ನಬೇಡಿ. ಆ ಆಟದಲ್ಲಿ ಒಂದು ಧರ್ಮ ಅಡಗಿದೆ. ಕೋಲಿನಿಂದ ಚೆಂಡು ಹೊಡೆದು, 18 ಕುಳಿಗಳನ್ನು ಮುಗಿಸಬೇಕು. ಸಾಮಾನ್ಯವಾಗಿ ಪಕ್ಕದಲ್ಲಿ ಅಂಪೈರ್ ಇರುವುದಿಲ್ಲ. ತಪ್ಪಾದರೆ ಆಟಗಾರ ತಾನೇ ಒಪ್ಪಿಕೊಳ್ಳಬೇಕು. ಹೊಡೆತಕ್ಕೆ ಹುಲ್ಲಿನ ಹೆಂಟೆ ಕಿತ್ತು ಬಂದರೆ ಅದನ್ನು ಮತ್ತೆ ಅಲ್ಲೇ ಕೂರಿಸಬೇಕು. ಮರಳಿನ ಗುಂಡಿಯಲ್ಲಿ ಹೆಜ್ಜೆ ಮೂಡಿದರೆ ಸಮ ಮಾಡಬೇಕು. 2019ರಲ್ಲಿ ಪರಿಷ್ಕರಿಸಿದ ನಿಯಮಗಳಲ್ಲಿ ಮೈದಾನವನ್ನು ಜೋಪಾನವಾಗಿ ನೋಡಿಕೊಳ್ಳಬೇಕೆಂಬ ಮಾತು ಮೊದಲನೇ ನಿಯಮದಲ್ಲೇ ಬರುತ್ತದೆ.

ಇಷ್ಟು ಕರ್ತವ್ಯವಾಯಿತು. ನಮ್ಮ ಆಟಗಾರ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಬೆಳಗ್ಗೆ ಬೇರೆಯವರು ಬರುವ ಮುಂಚೆಯೇ ಬಂದು, ಅಂಚಿನ ಹೂಗಿಡಗಳ ಒಣಗಿದ ಎಲೆ ತೆಗೆಯುತ್ತಾನೆ. ಬಾಗಿದ ಗಿಡಕ್ಕೆ ಕಡ್ಡಿ ಊರಿ ಕಟ್ಟುತ್ತಾನೆ. ಬಾಡಿದ್ದಕ್ಕೆ ತನ್ನ ಬಾಟಲಿಯ ನೀರು ಹಾಕುತ್ತಾನೆ. ಯಾರಿಗೂ ಹೇಳುವುದಿಲ್ಲ. ಬಂದವರು ಹೂವು ನೋಡಿ, "ನಮ್ಮ ಮಾಲಿ ಕೈ ಚಿನ್ನದಂಥ ಕೈ" ಅನ್ನುತ್ತಾರೆ. ಇವನೂ "ಹೌದ್ಹೌದು" ಅನ್ನುತ್ತಾನೆ.

ಇಲ್ಲೇ ಪ್ರಶ್ನೆ ಇರುವುದು. ಯಾರೂ ನೋಡದ ಒಳ್ಳೆಯ ಕೆಲಸಕ್ಕೆ ಸಾಕ್ಷಿ ಯಾರು?

ಇದೇ ಆಟದ ಒಂದು ನಿಜವಾದ ಸಂಗತಿ ಕೇಳಿ. ಅಮೆರಿಕದ ಬಾಬಿ ಜೋನ್ಸ್ ಎಂಬ ಹೆಸರಾಂತ ಆಟಗಾರ 1925ರ ಯು.ಎಸ್. ಓಪನ್‌ನಲ್ಲಿ ಆಡುತ್ತಿದ್ದರು. ಹುಲ್ಲಿನಲ್ಲಿದ್ದ ಚೆಂಡು, ಹೊಡೆಯಲು ಸಿದ್ಧವಾಗುವಾಗ ತುಸು ಅಲುಗಿತು. ಅದನ್ನು ಬೇರೆ ಯಾರೂ ನೋಡಿರಲಿಲ್ಲ. ಆದರೂ ಜೋನ್ಸ್ ತಮಗೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. ಆ ಒಂದು ಹೊಡೆತದಿಂದ ಪಂದ್ಯ ಸಮವಾಯಿತು. ಆಮೇಲೆ ನಡೆದ ನಿರ್ಣಾಯಕ ಆಟದಲ್ಲಿ ಅವರು ಸೋತರು. ಜನ ಹೊಗಳಿದಾಗ, ಬ್ಯಾಂಕು ದೋಚದವನನ್ನು ಹೊಗಳಿದ ಹಾಗಾಯಿತು ಎಂಬ ಅರ್ಥದ ಮಾತನ್ನಾಡಿದರು. ಇದೇ ಜೋನ್ಸ್ ಮುಂದೆ ಜೊತೆಗಾರರೊಬ್ಬರೊಡನೆ ಸೇರಿ, ಹಿಂದೆ ಗಿಡಗಳ ನರ್ಸರಿಯಾಗಿದ್ದ ಜಾಗದಲ್ಲಿ ಆಗಸ್ಟಾ ಗಾಲ್ಫ್ ಮೈದಾನ ಕಟ್ಟಿದರು. ಅಲ್ಲಿನ 18 ಕುಳಿಗಳಿಗೂ ಮ್ಯಾಗ್ನೋಲಿಯಾ, ಕ್ಯಾಮೆಲಿಯಾ, ಅಜೇಲಿಯಾ ಹೀಗೆ ಗಿಡಮರಗಳದೇ ಹೆಸರು.

ಯಾರೂ ನೋಡದ ತಪ್ಪನ್ನು ಒಪ್ಪಿಕೊಳ್ಳುವುದು, ಯಾರೂ ನೋಡದ ಹೂವಿಗೆ ನೀರು ಹಾಕುವುದು, ಎರಡರ ಬೇರೂ ಒಂದೇ. ಒಳಗೊಬ್ಬ ನೋಡುತ್ತಿದ್ದಾನೆ. ಅವನನ್ನು ಅಂತರ್ಯಾಮಿ ಅನ್ನಿ, ಆತ್ಮಸಾಕ್ಷಿ ಅನ್ನಿ.

ಆದರೆ ಗುಪ್ತ ಸೇವೆಗೂ ಒಂದು ಅಪಾಯ ಇದೆ. ಅದನ್ನು ತಿಳಿಸುವ ಕಥೆ ತಿರುಮಲೆ ಬೆಟ್ಟದ್ದು. ರಾಮಾನುಜಾಚಾರ್ಯರ ಶಿಷ್ಯರಾದ ಅನಂತಾಳ್ವಾರರು ನಮ್ಮ ಮೈಸೂರು ಸೀಮೆಯವರೆಂದು ಸಂಪ್ರದಾಯ ಹೇಳುತ್ತದೆ. ಸ್ವಾಮಿಗೆ ಹೂವಿನ ಸೇವೆ ಮಾಡಲು ಯಾರು ಬೆಟ್ಟಕ್ಕೆ ಹೋಗುತ್ತೀರಿ ಎಂದು ಗುರುಗಳು ಕೇಳಿದಾಗ ಎದ್ದು ನಿಂತವರು ಇವರೊಬ್ಬರೇ. ಹೂದೋಟಕ್ಕಾಗಿ ಕೆರೆ ತೋಡತೊಡಗಿದರು. ಇವರು ಅಗೆಯುವುದು, ಬಸುರಿ ಹೆಂಡತಿ ಮಣ್ಣು ಹೊರುವುದು. ಒಬ್ಬ ಹುಡುಗ ಬಂದು, "ನಾನೂ ಹೊರುತ್ತೇನೆ" ಅಂದ. "ಇದು ನಮ್ಮ ಸೇವೆ, ನೀನು ಹೋಗು" ಅಂದರು. ಹುಡುಗ ಬಿಡಲಿಲ್ಲ. ಇವರಿಗೆ ಕಾಣದ ಹಾಗೆ ಆ ತಾಯಿಯ ಬುಟ್ಟಿ ಹೊತ್ತ. ಗೊತ್ತಾದಾಗ ಸಿಟ್ಟಿನಿಂದ ಹಾರೆ ಎಸೆದರು. ಅದು ಹುಡುಗನ ಗಲ್ಲಕ್ಕೆ ಬಡಿಯಿತು. ಗರ್ಭಗುಡಿಯಲ್ಲಿ ನೋಡಿದರೆ ಸ್ವಾಮಿಯ ಗಲ್ಲದಲ್ಲಿ ರಕ್ತ! ಅದಕ್ಕೇ ಇಂದಿಗೂ ಸ್ವಾಮಿಯ ಗಲ್ಲಕ್ಕೆ ಪಚ್ಚಕರ್ಪೂರ ಇಡುತ್ತಾರೆ ಎನ್ನುತ್ತದೆ ಕಥೆ. ಆ ಹಾರೆಯನ್ನು ತಿರುಮಲೆಯ ಮಹಾದ್ವಾರದಲ್ಲಿ ಇಂದಿಗೂ ನೋಡಬಹುದು.

ಅನಂತಾಳ್ವಾರರ ಭಕ್ತಿ ದೊಡ್ಡದು, ಸಂದೇಹವಿಲ್ಲ. ಆದರೆ "ನಮ್ಮ ಸೇವೆ" ಅನ್ನುವಾಗ "ನಮ್ಮ" ಅನ್ನುವುದು ದೊಡ್ಡದಾಗಿ, "ಸೇವೆ" ಚಿಕ್ಕದಾಗಿಬಿಟ್ಟಿತು. ಆ ಕಥೆಯಲ್ಲಿ ಗುಪ್ತ ಸೇವೆ ಮಾಡಿದವನು ಭಗವಂತನೇ. ಬುಟ್ಟಿ ಹೊತ್ತ, ಏಟು ತಿಂದ, ನಾನು ಇಂಥವನು ಅಂತ ಹೇಳಿಕೊಳ್ಳಲಿಲ್ಲ.

ನಮ್ಮ ಆಟಗಾರನಿಗೂ ಇದೇ ಪರೀಕ್ಷೆ. ಮಾಲಿಯನ್ನು ಹೊಗಳಿದಾಗ ಅವನ ಎದೆಯಲ್ಲಿ ಚಿಕ್ಕದೊಂದು ಮುಳ್ಳು ಚುಚ್ಚಿದರೆ, ಹೆಸರಿನ ಆಸೆ ಇನ್ನೂ ಹೋಗಿಲ್ಲ ಎಂದರ್ಥ. "ನನ್ನ ಹಾಗೆ ಗುಟ್ಟಾಗಿ ಮಾಡುವವರು ಯಾರಿದ್ದಾರೆ?" ಎಂದು ಒಳಗೊಳಗೇ ಬೀಗಿದರೆ ಅದೂ ಒಂದು ಟ್ಯೂಬ್‌ಲೈಟಿನ ಹೆಸರೇ, ಒಳಗಡೆ ಬರೆಸಿದ್ದು ಅಷ್ಟೆ. ಮಾಲಿಗೆ ತೊಂದರೆಯಾಗದಂತೆಯೂ ನೋಡಬೇಕು. ಅವನು ಆಗಲೇ ನೀರು ಹಾಕಿದ ಗಿಡಕ್ಕೆ ಇವನೂ ಸುರಿದರೆ ಬೇರು ಕೊಳೆಯುತ್ತದೆ. ಅಂಥ ಕಡೆ ಗುಟ್ಟು ಬಿಟ್ಟು, "ಏನಪ್ಪಾ, ಇದಕ್ಕೆ ನೀರು ಬೇಕಾ?" ಎಂದು ಕೇಳುವುದೇ ಧರ್ಮ. ಸೇವೆಗಿಂತ ಗುಟ್ಟು ಮುಖ್ಯವಾಗಬಾರದು.

ಹಾಗಾದರೆ ಹೆಸರು ಕೆತ್ತಿಸಿದವರೆಲ್ಲ ಸಣ್ಣವರೇ? ಹಾಗನ್ನುವಂತಿಲ್ಲ. ನಮ್ಮ ಹಳೆಯ ದಾನಶಾಸನಗಳಲ್ಲಿ ಕೊಟ್ಟವರ ಹೆಸರು, ಕೊಟ್ಟ ಭೂಮಿಯ ಎಲ್ಲೆ, ಕೊನೆಗೆ ಆ ದಾನವನ್ನು ಕಿತ್ತುಕೊಂಡವರಿಗೆ ಶಾಪ, ಎಲ್ಲವೂ ಇರುತ್ತದೆ. ದಾನ ಮುಂದಿನವರ ಕಾಲಕ್ಕೂ ಉಳಿಯಲಿ ಎಂದು ಅದನ್ನು ಕಲ್ಲಿನಲ್ಲಿ ಬರೆಸಿದರು. ಹತ್ತು ಜನರ ದುಡ್ಡಿಗೆ ಲೆಕ್ಕ ಬೇಕು, ರಸೀದಿ ಬೇಕು. ಅಲ್ಲಿ ಬಹಿರಂಗವೇ ಸರಿ. ಗೀತೆಯ 17ನೇ ಅಧ್ಯಾಯ, ಪ್ರತ್ಯುಪಕಾರ ಬಯಸದೆ, ದೇಶ ಕಾಲ ಪಾತ್ರ ನೋಡಿ ಕೊಟ್ಟ ದಾನವನ್ನು ಸಾತ್ತ್ವಿಕ ಅನ್ನುತ್ತದೆ. ಹೆಸರು ಕಾಣಿಸಿತೋ ಇಲ್ಲವೋ ಎಂದು ಕೇಳುವುದಿಲ್ಲ, ಮನಸ್ಸು ಏನು ಬಯಸಿತು ಎಂದು ಕೇಳುತ್ತದೆ.

ಆದರೂ ನಮ್ಮ ಮನಸ್ಸು ಏನು ಬಯಸುತ್ತಿದೆ ಅಂತ ತಿಳಿಯುವುದು ಹೇಗೆ? ಅದಕ್ಕೆ ಗುಪ್ತ ಸೇವೆಯೇ ಒರೆಗಲ್ಲು. ಆಗೊಮ್ಮೆ ಈಗೊಮ್ಮೆ ಯಾರಿಗೂ ಗೊತ್ತಾಗದ ಒಂದು ಕೆಲಸ ಮಾಡಿ ನೋಡಿ. ಮನೆಯವರಿಗೂ ಹೇಳದೆ ಸುಮ್ಮನಿರಲು ಆಗುತ್ತದೋ ನೋಡಿ. ಹೇಳಬೇಕು ಅಂತ ನಾಲಿಗೆ ತುರಿಸಿದರೆ ಬೇಸರ ಬೇಡ; ರೋಗ ಎಲ್ಲಿದೆ ಅಂತ ತಿಳಿಯಿತಲ್ಲ.

ಈಗ ದರ್ಶನ ಮುಗಿಸಿ ಇಳಿಯುತ್ತೀರಿ. ದಾರಿಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಬಿದ್ದಿರಬಹುದು, ಬಿಸಿಲಿಗೆ ಬಾಡಿದ ಒಂದು ಗಿಡ ಇರಬಹುದು. ಅಕ್ಕಪಕ್ಕ ನೋಡಬೇಡಿ. ಬಾಟಲಿ ಎತ್ತಿಕೊಳ್ಳಿ, ನಿಮ್ಮಲ್ಲಿ ಉಳಿದ ನೀರನ್ನು ಗಿಡಕ್ಕೆ ಹಾಕಿ, ಸುಮ್ಮನೆ ಇಳಿದುಬಿಡಿ. ನಾಳೆ ಹತ್ತಿ ಬರುವವರು ಆ ಗಿಡದ ಹೂವು ನೋಡಿ ಬೇರೆ ಯಾರನ್ನೋ ಹರಸಲಿ.

ಸ್ವಾಮಿಯ ಕೃಪೆ ಎಲ್ಲರ ಮೇಲಿರಲಿ.